ಒಂದು ನಾಡಿನ ನಾಣ್ಯ ಸಾಕು, ಮಗೂ

ಮಗೂ,

ಹೋದ ಭಾನುವಾರ ನೀನು ವಿಜಯನಗರದಿಂದ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ನಮ್ಮ ಬಸವೇಶ್ವರನಗರದ ಮನೆಗೆ ಬಂದೆ. ಡಬ್ಬಿಯಲ್ಲಿದ್ದುದನ್ನೆಲ್ಲ ಊಟದ ಮೇಜಿನ ಮೇಲೆ ಸುರಿದೆ. ಸಿಂಗಪುರ, ದುಬೈ, ಥಾಯ್ಲೆಂಡ್, ಅಮೆರಿಕ. ವಿದೇಶಕ್ಕೆ ಹೋಗಿಬಂದ ನೆಂಟರಿಷ್ಟರು ಜೇಬಿನಲ್ಲಿ ಉಳಿದಿದ್ದನ್ನು ನಿನ್ನ ಕೈಗೆ ಹಾಕಿದ ಚಿಲ್ಲರೆ. ‘ಅಜ್ಜಿ, ಇಪ್ಪತ್ತಾರು ದೇಶ ಆಯ್ತು. ಇನ್ನೆಷ್ಟು ದೇಶ ಸೇರಿಸಿದ್ರೆ ದೊಡ್ಡ ಕಲೆಕ್ಷನ್ ಅಂತಾರೆ?’ ಎಂದು ಕೇಳಿದೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ನಿನ್ನ ಕಣ್ಣಲ್ಲಿದ್ದ ಬೆಳಕು ಸುಳ್ಳಲ್ಲ. ಅದನ್ನು ಎರಡು ಮಾತಿನಲ್ಲಿ ತಣ್ಣಗೆ ಮಾಡಲು ಮನಸ್ಸಾಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನೀನು ಕೂಡಿಸಿದ ಆ ಇಪ್ಪತ್ತಾರು ದೇಶಗಳಲ್ಲಿ ಯಾವುದಾದರೂ ಒಂದರ ಕಥೆ ನಿನಗೆ ಗೊತ್ತೇ? ಆ ನಾಣ್ಯದ ಮೇಲಿರುವ ಮುಖ ಯಾರದು, ಆ ಅಕ್ಷರ ಏನು ಹೇಳುತ್ತದೆ, ಅದು ಯಾವ ಸಂತೆಯಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಗೊತ್ತಿಲ್ಲದಿದ್ದರೆ ಅದು ನಿನ್ನ ತಪ್ಪಲ್ಲ. ಇಪ್ಪತ್ತಾರು ದೇಶಗಳ ಚರಿತ್ರೆಯನ್ನು ಯಾರೂ ಒಟ್ಟಿಗೆ ಓದಲಾರರು. ಒಂದೊಂದು ಕಡೆ ಮೂರಡಿ ಅಗೆದರೆ ಎಲ್ಲೂ ನೀರು ಬರುವುದಿಲ್ಲ. ಒಂದೇ ಕಡೆ ಕೂತು ಆಳಕ್ಕೆ ಅಗೆದವನಿಗೆ ಮಾತ್ರ ಬಾವಿ ಸಿಗುತ್ತದೆ. ಆದ್ದರಿಂದ ನನ್ನ ಮಾತು ಇಷ್ಟೇ: ಒಂದು ನಾಡನ್ನು ಆರಿಸಿಕೊ. ಅದರ ನಾಣ್ಯವನ್ನು ಮಾತ್ರ ಸೇರಿಸು. ನನ್ನನ್ನು ಕೇಳಿದರೆ, ಆ ನಾಡು ಹಳೆಯ ಮೈಸೂರು ಆಗಲಿ.

ಯಾಕೆ ಎಂದು ಹೇಳುತ್ತೇನೆ. ಅದಕ್ಕೂ ಮೊದಲು ನೀನು ದಿನಾ ತಿರುಗಾಡುವ ಬೀದಿಗಳನ್ನೇ ಒಮ್ಮೆ ನೋಡು. ನಿಮ್ಮ ಬಡಾವಣೆಯ ಹೆಸರು ವಿಜಯನಗರ. ಆ ಹೆಸರಿನ ಸಾಮ್ರಾಜ್ಯದಲ್ಲಿ ಬಾಲಕೃಷ್ಣನ ಚಿತ್ರದ ಚಿನ್ನದ ವರಹ ಕೃಷ್ಣದೇವರಾಯನದು, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದ ಗಂಡಭೇರುಂಡದ ವರಹ ಅಚ್ಯುತರಾಯನದು. ನಾನಿರುವ ಬಡಾವಣೆ ಬಸವಣ್ಣನವರ ಹೆಸರಿನದು. ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು, ಅಂದರೆ ರಾಜ್ಯದ ಹೊನ್ನಿನ ಲೆಕ್ಕ ಅವರ ಕೈಯಲ್ಲಿತ್ತು. ಪಕ್ಕದ್ದು ರಾಜಾಜಿನಗರ. ರಾಜಾಜಿ 1948ರಿಂದ 1950ರವರೆಗೆ ಗವರ್ನರ್ ಜನರಲ್ ಆಗಿದ್ದಾಗ ಜನರ ಕೈಯಲ್ಲಿ ಓಡಾಡುತ್ತಿದ್ದುದು ಆರನೇ ಜಾರ್ಜನ ತಲೆಯ ನಾಣ್ಯಗಳೇ. ಅಶೋಕನ ಸಿಂಹಗಳು ನಮ್ಮ ರೂಪಾಯಿಯ ಮೇಲೆ ಬಂದದ್ದು 1950ರಲ್ಲಿ. ಈ ಬಡಾವಣೆಗಳ ನಡುವೆ ಹಾದುಹೋಗುವ ಮಾಗಡಿ ರಸ್ತೆ ಕೆಂಪೇಗೌಡರ ಸೀಮೆಗೆ ಹೋಗುವ ದಾರಿ. ವಿಜಯನಗರದ ಚಕ್ರವರ್ತಿಯ ಅಪ್ಪಣೆಯಿಲ್ಲದೆ ಭೈರವನ ಹೆಸರಿನಲ್ಲಿ ನಾಣ್ಯ ಹಾಕಿಸಿದ್ದಕ್ಕೆ ಅವರು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ನಾಣ್ಯ ಹಾಕಿಸುವುದೆಂದರೆ ‘ಈ ನೆಲ ನನ್ನದು’ ಎಂದು ಸಾರಿದಂತೆ. ಅದಕ್ಕೇ ಅದು ಅಷ್ಟು ದೊಡ್ಡ ಅಪರಾಧವಾಯಿತು.

ರಾಜಾಜಿನಗರ ದಾಟಿದರೆ ಯಶವಂತಪುರ. ಅಲ್ಲಿ 1891ರಲ್ಲಿ ರೈಲು ದಾರಿಯ ಕೆಲಸಕ್ಕೆ ನೆಲ ಅಗೆಯುವಾಗ ಆಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆ ಕಡಲಾಚೆಯ ಬೆಳ್ಳಿ ನಮ್ಮ ಹಳ್ಳಿಗಾಡಿಗೆ ಬಂದಿತ್ತೆಂದು ನಮಗೆ ಹೇಳಿದ್ದು ಯಾವ ಗ್ರಂಥವೂ ಅಲ್ಲ, ಮಣ್ಣಿನಡಿಯ ಆ ನಾಣ್ಯಗಳು. ಕಾಲ ಕೆಳಗೇ ಇಷ್ಟೆಲ್ಲ ಇರುವಾಗ ದುಬೈ ಚಿಲ್ಲರೆಯ ಹಿಂದೆ ಯಾಕೆ ಓಡುತ್ತೀಯೆ?

ಈಗ ಮೈಸೂರಿನ ಮಾತು. ನಂದಿನಿ ಲೇಔಟ್ ಬಳಿಯ ಕಂಠೀರವ ಸ್ಟುಡಿಯೋ ನಿನಗೆ ಗೊತ್ತು. ರಾಜ್‌ಕುಮಾರರ ಸಮಾಧಿಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ. ಅವರು 1960ರಲ್ಲಿ ‘ರಣಧೀರ ಕಂಠೀರವ’ನಾಗಿ ಅಭಿನಯಿಸಿದ ಆ ಅರಸ ಕಂಠೀರವ ನರಸರಾಜ ಒಡೆಯರು, ಆಳಿದ್ದು 1638ರಿಂದ 1659ರವರೆಗೆ. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ಚಿನ್ನದ ಪುಟ್ಟ ಹಣ ಹಾಕಿಸಿದವರು ಅವರೇ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಕಂಠೀರವ’. ತೂಕ ಸುಮಾರು ಮೂರು ಗುಲಗಂಜಿ, ಅಗಲ ನಿನ್ನ ಕಿರುಬೆರಳಿನ ಉಗುರಿಗಿಂತ ಕಡಿಮೆ. ಜನ ಅದನ್ನು ಕಂಠೀರಾಯಿ ಹಣ ಎಂದರು. ಹತ್ತು ಹಣ ಸೇರಿದರೆ ಒಂದು ವರಹದ ಲೆಕ್ಕ. ‘ಹಣ ಇದೆಯಾ?’ ಎಂದು ನಾವು ಈಗಲೂ ಕೇಳುತ್ತೇವಲ್ಲ, ಆ ಹಣ ಎಂಬುದು ಮೊದಲು ಕೈಯಲ್ಲಿ ಹಿಡಿಯುವ ಒಂದು ನಾಣ್ಯದ ಹೆಸರು. ಅದರ ಅರ್ಧ ಅಡ್ಡ, ಕಾಲುಭಾಗ ಹಾಗ. ನಾಣ್ಯ ಸವೆದುಹೋಯಿತು, ಮಾತು ಬಾಯಲ್ಲಿ ಉಳಿಯಿತು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿ ಬೆಲೆ, ಕೂಲಿ, ಕಂದಾಯ ಎಲ್ಲವನ್ನೂ ಬರೆದುಕೊಂಡ. ಕಂಠೀರಾಯಿ ಲೆಕ್ಕ ಆಗಲೂ ನಡೆಯುತ್ತಿತ್ತು. ಅರಸ ತೀರಿಕೊಂಡು ನೂರನಲವತ್ತು ವರ್ಷವಾಗಿತ್ತು. ನಡುವೆ ಎಷ್ಟು ಯುದ್ಧ, ಎಷ್ಟು ಸಿಂಹಾಸನ! ರೈತ ಮಾತ್ರ ತನ್ನ ರಾಗಿಯನ್ನು ಅದೇ ಹೆಸರಿನ ಹಣದಲ್ಲಿ ಎಣಿಸುತ್ತಿದ್ದ. ಇದನ್ನು ಚೆನ್ನಾಗಿ ನೆನಪಿಟ್ಟುಕೊ. ಅರಸ ಬದಲಾಗಬಹುದು, ಸಂತೆಯ ನಂಬಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ನಾನು ಮೂವತ್ತು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಕಲಿತ ಪಾಠವೂ ಇದೇ.

ಈ ಪಾಠವನ್ನು ನಾನು ಮೊದಲು ಕಂಡದ್ದು ಎಂಟು ವರ್ಷದವಳಿದ್ದಾಗ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ನಮ್ಮಪ್ಪನ ದಿನಸಿ ಅಂಗಡಿ ರಾಜಾಜಿನಗರದಲ್ಲಿತ್ತು. ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಈ ಲೆಕ್ಕವನ್ನು ರಟ್ಟಿನ ಮೇಲೆ ಬರೆದು ತಕ್ಕಡಿಯ ಪಕ್ಕ ತೂಗುಹಾಕಿದ್ದರು. ಆರು ನಾಲ್ಕಲೆ ಇಪ್ಪತ್ತನಾಲ್ಕಾದರೆ ನಾಲ್ಕಾಣೆಗೆ ಇಪ್ಪತ್ತೈದು ಹೇಗೆ ಎಂದು ಒಬ್ಬ ಮುದುಕಿ ದಿನಾ ಕೇಳುತ್ತಿದ್ದಳು. ಅಪ್ಪ ಬೇಸರ ಮಾಡಿಕೊಳ್ಳದೆ ಪ್ರತಿ ಸಲವೂ ಕಾಳು ಎಣಿಸಿ ತೋರಿಸುತ್ತಿದ್ದರು. ಅವಳಿಗೆ ಅರ್ಥವಾಗಿದ್ದು ಲೆಕ್ಕವೋ ಅಪ್ಪನ ತಾಳ್ಮೆಯೋ ಗೊತ್ತಿಲ್ಲ, ಅಂಗಡಿಗೆ ಬರುವುದನ್ನಂತೂ ಬಿಡಲಿಲ್ಲ. ಸರ್ಕಾರ ನಾಣ್ಯವನ್ನು ಅಚ್ಚು ಹಾಕಬಹುದು, ಅದು ಓಡುವುದು ಮನುಷ್ಯ ಮನುಷ್ಯನನ್ನು ನಂಬುವುದರಿಂದ.

ಈ ಕಣ್ಣಿನಿಂದ, ಮುಂದೆ ಮೈಸೂರನ್ನು ಆಳಿದ ಹೈದರ್ ಅಲಿಯ ನಾಣ್ಯ ನೋಡು. 1763ರಲ್ಲಿ ಅವನು ಇಕ್ಕೇರಿ ಅರಸರ ಬಿದನೂರನ್ನು ಗೆದ್ದ. ಅಲ್ಲಿ ಓಡುತ್ತಿದ್ದ ವರಹದ ಮೇಲೆ ಶಿವಪಾರ್ವತಿಯರಿದ್ದರು. ಆ ಚಿತ್ರ ಇಕ್ಕೇರಿಗೂ ಮೊದಲು ವಿಜಯನಗರದ ವರಹಗಳಲ್ಲಿದ್ದದ್ದು. ಹೈದರ್ ಅದನ್ನು ತೆಗೆಯಲಿಲ್ಲ. ಶಿವಪಾರ್ವತಿಯರನ್ನು ಹಾಗೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಅದೇ ಬಹಾದುರಿ ವರಹ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ಶಿವಪಾರ್ವತಿ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’. ನಾಲ್ಕು ಮನೆತನ, ಒಂದೇ ಚಿತ್ರ.

ಆನೆಯ ಕಥೆ ಇನ್ನೂ ಸ್ವಾರಸ್ಯ. ಹೈದರ್ ತನ್ನ ಕೊನೆಯ ದಿನಗಳಲ್ಲಿ ಪಟ್ಟಣದ ಟಂಕಸಾಲೆಯಲ್ಲಿ ತಾಮ್ರದ ನಾಣ್ಯದ ಮೇಲೆ ಆನೆ ಹಾಕಿಸಿದ. ಪಟ್ಟಣ ಎಂದರೆ ಶ್ರೀರಂಗಪಟ್ಟಣ. ಅವನ ಮಗ ಟಿಪ್ಪು ಅದನ್ನು ಎಲ್ಲ ಕಡೆಯೂ ಹರಡಿದ. ನಗರ ಎನಿಸಿಕೊಂಡ ಬಿದನೂರು, ಬೆಂಗಳೂರು, ಫೈಜ್ ಹಿಸಾರ್ ಎಂದು ಹೊಸ ಹೆಸರು ಪಡೆದ ಗುತ್ತಿ, ಫರ್ರುಖ್‌ಯಾಬ್ ಹಿಸಾರ್ ಆದ ಚಿತ್ರದುರ್ಗ, ಹೀಗೆ ಎಷ್ಟೋ ಟಂಕಸಾಲೆಗಳಲ್ಲಿ ಆನೆ ಎಡಕ್ಕೋ ಬಲಕ್ಕೋ ಮುಖ ಮಾಡಿ ನಿಂತಿತು. ಟಿಪ್ಪು ಪ್ರತಿ ನಾಣ್ಯಕ್ಕೂ ಹೆಸರಿಟ್ಟ. ತಾಮ್ರದ್ದಕ್ಕೆ ಆಕಾಶದ ಹೆಸರು: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧಕ್ಕೆ ಬಹರಾಮ್ ಅಂದರೆ ಮಂಗಳ, ಕಾಲಿಗೆ ಅಖ್ತರ್ ಅಂದರೆ ನಕ್ಷತ್ರ. ಬೆಳ್ಳಿಯ ರೂಪಾಯಿಗೆ ಇಮಾಮಿ, ಚಿನ್ನದ ವರಹಕ್ಕೆ ಫಾರೂಕಿ. ವರ್ಷವನ್ನೂ ಬದಲಿಸಿ ಮೌಲೂದಿ ಎಂಬ ಶಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 6221 ಎಂದು ಕಾಣುವುದನ್ನು 1226 ಎಂದು ಓದಬೇಕು. ಅದು ನಮ್ಮ ಲೆಕ್ಕದಲ್ಲಿ 1798ರ ಸುಮಾರು, ಅವನ ಕೊನೆಯ ವರ್ಷಗಳು. ಇದು ತಿಳಿಯದೆ ನಾನು ಒಂದಿಡೀ ಬೇಸಿಗೆ ಒಂದು ನಾಣ್ಯದ ಮುಂದೆ ಕೂತಿದ್ದೆ. ತಿಳಿದ ದಿನದ ಸಂತೋಷ ಹತ್ತು ನಾಣ್ಯ ಕೊಂಡರೂ ಬರುವುದಿಲ್ಲ.

ಟಿಪ್ಪು ಹೋದ. ಮುಮ್ಮಡಿಯವರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದರು. ತಾಮ್ರದ ಕಾಸಿನ ಮೇಲೆ ಏನಿತ್ತು ಹೇಳು? ಅದೇ ಆನೆ! ಅದರ ಮೇಲೆ ಸೂರ್ಯ ಚಂದ್ರ, ನಡುವೆ ಕನ್ನಡದ ‘ಶ್ರೀ’. ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ, ಬೆಲೆ ಇಂಗ್ಲಿಷ್ ಅಕ್ಷರದಲ್ಲಿ. ಮುಂದೆ ‘ಶ್ರೀ ಚಾಮುಂಡಿ’ ಎಂಬ ಬರಹ ಬಂತು, ಆಮೇಲೆ ಆನೆಯ ಜಾಗಕ್ಕೆ ಸಿಂಹ ಬಂತು. ಹಿಂಬದಿಯಲ್ಲಿ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಸೇರಿದವು. ಅದೇ ಅರಸರ ಬೆಳ್ಳಿಯ ರೂಪಾಯಿಯಲ್ಲಿ ದೆಹಲಿಯ ಬಾದಶಹ ಶಾಹ್ ಆಲಂನ ಹೆಸರು. ಟಿಪ್ಪು ತನ್ನ ನಾಣ್ಯದಲ್ಲಿ ಮೊಘಲ್ ಬಾದಶಹನ ಹೆಸರನ್ನೂ ಹಾಕಿಸಿರಲಿಲ್ಲ, ತನ್ನ ಹೆಸರನ್ನೂ ಹಾಕಿಸಿರಲಿಲ್ಲ.

ಇಂದು ನಿನ್ನ ವಯಸ್ಸಿನವರು ಫೋನಿನಲ್ಲಿ ಈ ಅರಸರ ಬಗ್ಗೆ ಒಬ್ಬರಿಗೊಬ್ಬರು ಬೈದುಕೊಳ್ಳುವುದನ್ನು ನೋಡಿದ್ದೇನೆ. ನೀನು ಆ ಗಲಾಟೆಗೆ ಇಳಿಯುವ ಮೊದಲು ಈ ಮೂರು ನಾಣ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡು. ಶಿವಪಾರ್ವತಿಯರ ಹಿಂದೆ ಹೈದರನ ಅಕ್ಷರ, ಟಿಪ್ಪುವಿನ ಆನೆಯ ಮೇಲೆ ಕನ್ನಡದ ಶ್ರೀ, ಒಡೆಯರ ರೂಪಾಯಿಯಲ್ಲಿ ಶಾಹ್ ಆಲಂ. ನಾಣ್ಯ ಯಾರ ಪರವಾಗಿಯೂ ವಾದ ಮಾಡುವುದಿಲ್ಲ. ಅಂದಿನ ಜನ ಹೇಗೆ ಕೊಟ್ಟು ಪಡೆದು ಬದುಕಿದರು ಎಂಬುದನ್ನಷ್ಟೇ ತೋರಿಸುತ್ತದೆ. ಓದದೆ ತೀರ್ಪು ಕೊಡುವ ಆತುರವನ್ನು ಅದು ನಿನ್ನಿಂದ ಬಿಡಿಸಲಿ.

ಇನ್ನೊಂದು ವಿಷಯ. ನಿನ್ನ ಮೈಸೂರು ಆಲ್ಬಂ 1843ಕ್ಕೆ ನಿಂತುಹೋಗುತ್ತದೆ. ಕಂಪನಿ 1831ರಲ್ಲಿ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡಿತು. 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಬಂತು. ಹತ್ತು ವರ್ಷದಲ್ಲಿ, ಕಮಿಷನರ್ ಕಬ್ಬನ್ ಕಾಲದಲ್ಲಿ, ಅದು ಮುಚ್ಚಿತು. 1881ರಲ್ಲಿ ಆಡಳಿತ ಒಡೆಯರಿಗೆ ಮರಳಿತು, ಟಂಕಸಾಲೆ ಮರಳಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿಯವರ ಹೆಸರಿನ ಒಂದು ಕಾಸೂ ನಿನಗೆ ಸಿಗುವುದಿಲ್ಲ. ಹೈದರಾಬಾದಿನ ನಿಜಾಮರು ಕೊನೆಯವರೆಗೂ ತಮ್ಮ ನಾಣ್ಯ ಹಾಕಿಸಿದರು, ಮೈಸೂರಿಗೆ ಅದು ಉಳಿಯಲಿಲ್ಲ. ಆಲ್ಬಮ್ಮಿನ ಕೊನೆಗೆ ಒಂದು ಪುಟ ಖಾಲಿ ಬಿಡು. ಒಂದು ನಾಡು ಏನು ಕಳೆದುಕೊಂಡಿತು ಎಂಬುದನ್ನು ಆ ಖಾಲಿ ಪುಟ ಹೇಳುತ್ತದೆ. ಇಪ್ಪತ್ತಾರು ದೇಶದ ಡಬ್ಬಿಯಲ್ಲಿ ಖಾಲಿ ಜಾಗ ಎಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ.

ಇನ್ನು ಕೆಲಸದ ಮಾತು.

ಮೊದಲು ಓದು, ಆಮೇಲೆ ಕೊಳ್ಳು. ಹೆಂಡರ್‌ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಬರೆದ ಪುಸ್ತಕ ಇಂದಿಗೂ ಸಂಗ್ರಾಹಕರ ಕೈಪಿಡಿ. ಮೈಸೂರಿನ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದನ್ನು ಹುಡುಕಿ ಓದು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗು. ಒಂದು ದಿನ ಕೆಂಗೇರಿ ಸ್ಟೇಷನ್ನಿನಲ್ಲಿ ಮೈಸೂರು ರೈಲು ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿ. ಕೋಟೆಯೊಳಗೆ ನಡೆದಾಡಿ ಬಂದ ಮೇಲೆ ನಾಣ್ಯದ ಮೇಲಿನ ‘ಪಟ್ಟಣ’ ಎಂಬ ಮಾತು ನಿನಗೆ ಬರಿಯ ಅಕ್ಷರವಾಗಿ ಕಾಣುವುದಿಲ್ಲ. ಪಾರಸಿ ಅಕ್ಷರಗಳನ್ನು ಕಲಿತುಕೊ. ಟಂಕಸಾಲೆಯ ಹೆಸರು ಓದುವಷ್ಟು ಕಲಿಯಲು ಒಂದು ಬೇಸಿಗೆ ರಜೆ ಸಾಕು.

ತಾಮ್ರದಿಂದ ಶುರುಮಾಡು. ಚಿನ್ನ ಬೆಳ್ಳಿಯ ಆಸೆ ಈಗ ಬೇಡ. ಅರಸರ ಆಸೆ ಚಿನ್ನದಲ್ಲಿದ್ದರೆ ಬಡವರ ಬದುಕು ತಾಮ್ರದಲ್ಲಿದೆ. ಒಂದು ಭೂತಗನ್ನಡಿ, ಮಿಲಿಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಒಂದು ನೋಟ್‌ಬುಕ್ಕು, ಇಷ್ಟಿದ್ದರೆ ಆಯಿತು. ಪ್ರತಿ ನಾಣ್ಯಕ್ಕೂ ಒಂದು ಪುಟ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ತೂಕ ಎಷ್ಟು, ಏನು ಬರೆದಿದೆ, ನನಗೆ ಏನು ಅರ್ಥವಾಗಲಿಲ್ಲ. ಈ ಕೊನೆಯ ಸಾಲು ಬರೆಯುವುದನ್ನು ಎಂದೂ ಬಿಡಬೇಡ. ಅರ್ಥವಾಗದ್ದನ್ನು ಬರೆದಿಟ್ಟವನಿಗೆ ಒಂದಲ್ಲ ಒಂದು ದಿನ ಉತ್ತರ ಸಿಗುತ್ತದೆ.

ಮೋಸದ ಬಗ್ಗೆ ಎಚ್ಚರ. ಒಮ್ಮೆ ನಾನೂ ಮೋಸಹೋದೆ. ಇಮಾಮಿ ರೂಪಾಯಿ ಎಂದು ಒಬ್ಬರು ಕೊಟ್ಟದ್ದನ್ನು ತೂಗದೆ ಕೊಂಡೆ. ಮನೆಗೆ ತಂದು ನೋಡಿದರೆ ಅಂಚಿನ ಸುತ್ತ ಎರಕದ ಗೆರೆ, ಮೈಯೆಲ್ಲ ಸೂಜಿಮೊನೆಯಂಥ ಗುಳಿ. ಅಂದಿನ ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಎರಕ ಹೊಯ್ಯುತ್ತಿರಲಿಲ್ಲ. ಹನುಮಂತನ ಚಿತ್ರ ಹಾಕಿ 1818 ಎಂದು ಬರೆದ ಕಂಪನಿ ನಾಣ್ಯ ಅಕ್ಕಿ ಎಳೆಯುತ್ತದೆ, ಅದೃಷ್ಟ ತರುತ್ತದೆ ಎಂದು ಯಾರಾದರೂ ಬಂದರೆ ಬಾಗಿಲು ಹಾಕು. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹಾಕಿಸಲೇ ಇಲ್ಲ. ಹಳೆಯ ನೋಟು ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಫೋನು ಬಂದರೆ ಅದೂ ಮೋಸವೇ. ರಿಸರ್ವ್ ಬ್ಯಾಂಕ್ ಈ ಬಗ್ಗೆ ಜನರನ್ನು ಎಚ್ಚರಿಸಿದೆ.

ನೆಲದಲ್ಲಿ ಸಿಕ್ಕ ನಾಣ್ಯ ನಿನ್ನದಲ್ಲ. ಹೊಲದಲ್ಲೋ ಪಾಯದಲ್ಲೋ ಮಡಕೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಕಾನೂನು ಹಾಗೆನ್ನುತ್ತದೆ, ಧರ್ಮವೂ ಅದೇ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದಾಗ ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ಸಿಕ್ಕವು. ಯಾವ ಪದರದಲ್ಲಿ ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದಲೇ ಅವುಗಳಿಂದ ಚರಿತ್ರೆ ಹುಟ್ಟಿತು. ಅದನ್ನೇ ಯಾರೋ ಕದ್ದು ಮಾರಿದ್ದರೆ ಅದು ಬರೀ ಲೋಹ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಕಳಿಸುವುದನ್ನೂ 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಅಮೆರಿಕದಲ್ಲಿರುವ ನಿಮ್ಮ ಮಾವ ಕೇಳಿದರೂ ಕಳಿಸಬೇಡ.

ಕೊನೆಗೆ ಒಂದು ತಪ್ಪಿನ ಮಾತು. ನನಗೆ ಹನ್ನೆರಡು ವರ್ಷ. ಅಪ್ಪನ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ, ತೂತು ಕಾಸುಗಳ ನಡುವೆ ಒಂದು ಆನೆ ಕಾಸು ಸಿಕ್ಕಿತು. ಕಪ್ಪಗಿತ್ತು. ಹುಣಸೆಹಣ್ಣು, ಬೂದಿ ಹಾಕಿ ದೇವರ ತಂಬಿಗೆ ತಿಕ್ಕುವ ಹಾಗೆ ತಿಕ್ಕಿದೆ. ಫಳಫಳ ಹೊಳೆಯಿತು. ಅಪ್ಪ ನೋಡಿ ಬೈಯಲಿಲ್ಲ. ‘ನೂರೈವತ್ತು ವರ್ಷದಿಂದ ಇದ್ದ ಅಕ್ಷರ ಹೋಯ್ತಲ್ಲಮ್ಮ’ ಎಂದಷ್ಟೇ ಹೇಳಿದರು. ಆನೆಯ ಮೇಲಿನ ‘ಶ್ರೀ’ ಸವೆದುಹೋಗಿತ್ತು. ಆ ಕಪ್ಪು ಕೊಳೆಯಾಗಿರಲಿಲ್ಲ, ಅದು ನಾಣ್ಯದ ಚರ್ಮವಾಗಿತ್ತು. ನೀನು ಯಾವ ನಾಣ್ಯವನ್ನೂ ತಿಕ್ಕಬೇಡ. ಅಂಚಿನಲ್ಲಿ ಹಿಡಿ, ಕಾಗದದ ಲಕೋಟೆಯಲ್ಲಿ ಇಡು, ಒದ್ದೆಗಾಳಿ ತಾಗದ ಹಾಗೆ ನೋಡಿಕೊ. ಹೊಳಪಿನ ಆಸೆಗೆ ಹಳೆಯದನ್ನು ಅಳಿಸುವ ಕೆಲಸ ನಾಣ್ಯದಲ್ಲೂ ಬೇಡ, ಓದಿನಲ್ಲೂ ಬೇಡ.

ಆ ಕಾಸು ಈಗಲೂ ನನ್ನ ಹತ್ತಿರ ಇದೆ. ಇನ್ನು ಮುಂದೆ ಅದು ನಿನ್ನದು. ಬರುವ ಭಾನುವಾರ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೊಸ ನೋಟ್‌ಬುಕ್ಕು ತೆಗೆದುಕೊಂಡು ಬಾ. ಮೊದಲ ಪುಟದಲ್ಲಿ ಅದರ ತೂಕ ಬರೆ, ಆನೆ ಯಾವ ಕಡೆ ನೋಡುತ್ತಿದೆ ಬರೆ. ಅಕ್ಷರ ಹೋದದ್ದು ಅಜ್ಜಿಯ ಕೈಯಿಂದ ಎಂದೂ ಬರೆ. ನಿಜವನ್ನು ಬರೆದಿಡದವನು ಎಷ್ಟು ಕೂಡಿಸಿದರೂ ಅದು ಚಿಲ್ಲರೆಯೇ.

ನಿನ್ನ ಅಜ್ಜಿ